ಬಣ್ಣ ಹೋದ ಬ್ಲೂತ್‌ನರ್: ನಾಲ್ಕು ಸಾವಿರ ಪೌಂಡಿನೊಳಗೆ ಒಂದು ಹಳೆಯ ಗ್ರ್ಯಾಂಡ್ ಪಿಯಾನೊ

ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿರುವ ದಾವಣಗೆರೆ ಕಡೆಯ ಕುಟುಂಬವೊಂದು ಎರಡು ವರ್ಷದ ಹಿಂದೆ, ಫೆಬ್ರುವರಿಯಲ್ಲಿ, ನನಗೆ ಫೋನ್ ಮಾಡಿತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗಳಿಗೆ ಹದಿಮೂರು ವರ್ಷ, ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನ ಎಂಟು ಗ್ರೇಡುಗಳಲ್ಲಿ ಆರನೆಯದನ್ನು ಮುಗಿಸಿದ್ದಳು. ಮನೆಯಲ್ಲಿದ್ದದ್ದು ಡಿಜಿಟಲ್ ಪಿಯಾನೊ. ಮೆಲ್ಲಗೆ ಒತ್ತಿದರೆ ಒಂದು ದನಿ, ಜೋರಾಗಿ ಒತ್ತಿದರೆ ಅದೇ ದನಿ ಸ್ವಲ್ಪ ದೊಡ್ಡದು, ಅಷ್ಟೇ. ಹುಡುಗಿ ಕೇಳುತ್ತಿದ್ದದ್ದು ಈ ಎರಡರ ನಡುವಿನ ಹತ್ತು ಬಗೆಯ ದನಿ. ಇನ್ನು ಮುಂದೆ ಈ ವಾದ್ಯದ ಮೇಲೆ ಕಲಿಸುವುದು ಕಷ್ಟ ಎಂದು ಟೀಚರ್ ಹೇಳಿದ್ದರು.

"ಅಣ್ಣಾ, ಎಲ್ಲಾ ಸೇರಿ ನಾಲ್ಕು ಸಾವಿರ ಪೌಂಡ್. ಸಾಗಣೆ, ರಿಪೇರಿ, ನಿಮ್ಮ ಫೀಸು, ಎಲ್ಲಾ ಅದರೊಳಗೇ ಆಗಬೇಕು" ಎಂದರು ತಾಯಿ. "ಗ್ರ್ಯಾಂಡೇ ಬೇಕು ಅಂತಾಳೆ. ಸಿಗುತ್ತಾ?"

ಗ್ರ್ಯಾಂಡ್ ಎಂದರೆ ತಂತಿಗಳು ಅಡ್ಡಲಾಗಿ ಮಲಗಿರುವ ಉದ್ದನೆಯ ಪಿಯಾನೊ. ಸಿಗುತ್ತದೆ ಎಂದೆ. ಆದರೆ ನೀವು ಮೊದಲು ಇಷ್ಟಪಡುವ ಪಿಯಾನೊ ಅದಾಗಿರುವುದಿಲ್ಲ ಎಂದೂ ಹೇಳಿದೆ. ಆ ಫೋನಿನಿಂದ ಹಿಡಿದು ಎರಡನೇ ಚಳಿಗಾಲದವರೆಗೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜನ ಹೊರದೇಶಗಳಲ್ಲಿ ಹಳೆಯ ಪಿಯಾನೊ ಕೊಂಡು ಹಣ ಕಳೆದುಕೊಂಡದ್ದನ್ನು ಹಲವು ಮನೆಗಳಲ್ಲಿ ನೋಡಿದ್ದೇನೆ. ಎಲ್ಲಿ ನೋಡಬೇಕಿತ್ತೋ ಅಲ್ಲಿ ನೋಡಿರಲಿಲ್ಲ, ಅದೇ ಕಾರಣ.

ನಾನು ಗದಗಿನವನು. ತಂದೆ ನಾಟಕ ಕಂಪನಿಗಳ ಹಾರ್ಮೋನಿಯಂ ದುರಸ್ತಿ ಮಾಡುತ್ತಿದ್ದರು. ಹಿತ್ತಾಳೆ ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಎಂಟು ವರ್ಷಕ್ಕೇ ಕೈಗೆ ಬಂದ ವಿದ್ಯೆ ಅದು. ಈಗ ಇಂಗ್ಲೆಂಡಿನಲ್ಲಿ ಪಿಯಾನೊ ಶ್ರುತಿ ಮಾಡುವುದು, ದುರಸ್ತಿ ಮಾಡುವುದು ನನ್ನ ಕಸುಬು. ಕೊಳ್ಳುವವರ ಪರವಾಗಿ ಹೋಗಿ ಪಿಯಾನೊ ನೋಡಿಬರಲು ಸಲಕ್ಕೆ 90 ಪೌಂಡ್ ತೆಗೆದುಕೊಳ್ಳುತ್ತೇನೆ. ನಮ್ಮವರು ಅಂತ ಬಿಟ್ಟಿ ಹೋಗುವುದಿಲ್ಲ. ಬಿಟ್ಟಿಯಾಗಿ ಕೊಟ್ಟ ಮಾತನ್ನು ಜನ ಅರ್ಧವೇ ಕೇಳುತ್ತಾರೆ, ಉಳಿದರ್ಧಕ್ಕೆ ಆಮೇಲೆ ಸಾವಿರಗಟ್ಟಲೆ ತೆರುತ್ತಾರೆ.

ಇಷ್ಟು ಅಗ್ಗಕ್ಕೆ ಯಾಕೆ ಸಿಗುತ್ತವೆ

ಹೊಸ ಸಣ್ಣ ಗ್ರ್ಯಾಂಡ್ ಇಲ್ಲಿ ಸಾಮಾನ್ಯವಾಗಿ ಹತ್ತು ಸಾವಿರ ಪೌಂಡ್ ದಾಟುತ್ತದೆ. ಅದಕ್ಕಿಂತ ಉದ್ದನೆಯ, ಅದಕ್ಕಿಂತ ಒಳ್ಳೆಯ ಮರದ ಹಳೆಯ ಜರ್ಮನ್ ಗ್ರ್ಯಾಂಡ್ ಎರಡು ಮೂರು ಸಾವಿರಕ್ಕೆ ಸಿಗುತ್ತದೆ ಎಂದರೆ ಯಾರಿಗಾದರೂ ಅನುಮಾನ ಬರಬೇಕಾದ್ದೇ.

ಇದರ ಬೇರು ನೂರು ವರ್ಷಕ್ಕೂ ಹಿಂದಿದೆ. 1853ನೇ ಇಸವಿ ಒಂದರಲ್ಲೇ ಬರ್ಲಿನ್ನಿನಲ್ಲಿ ಕಾರ್ಲ್ ಬೆಕ್‌ಸ್ಟೈನ್, ಲೈಪ್‌ಜಿಗ್‌ನಲ್ಲಿ ಯೂಲಿಯಸ್ ಬ್ಲೂತ್‌ನರ್, ನ್ಯೂಯಾರ್ಕಿನಲ್ಲಿ ಸ್ಟೈನ್‌ವೇ ಕುಟುಂಬ, ಮೂವರೂ ಕಾರ್ಖಾನೆ ಶುರು ಮಾಡಿದರು. ಮೊದಲನೆಯ ಮಹಾಯುದ್ಧದವರೆಗೆ ಜರ್ಮನ್ ಪಿಯಾನೊಗಳಿಗೆ ಬ್ರಿಟನ್ ದೊಡ್ಡ ಮಾರುಕಟ್ಟೆ. ಬೆಕ್‌ಸ್ಟೈನ್ ಕಂಪನಿ ಲಂಡನ್ನಿನಲ್ಲಿ ತನ್ನದೇ ಸಭಾಂಗಣ ಕಟ್ಟಿಸಿ 1901ರಲ್ಲಿ ತೆರೆಯಿತು. ಯುದ್ಧ ಬಂದು ಅದು ಕೈಬಿಟ್ಟ ಮೇಲೆ, 1917ರಲ್ಲಿ, ವಿಗ್‌ಮೋರ್ ಹಾಲ್ ಎಂಬ ಹೆಸರಿನಲ್ಲಿ ಅದೇ ಸಭಾಂಗಣ ಮತ್ತೆ ಬಾಗಿಲು ತೆರೆಯಿತು. ಇಂದಿಗೂ ಅಲ್ಲಿ ಸಂಗೀತ ಕಚೇರಿಗಳು ನಡೆಯುತ್ತಿವೆ. ಆ ಕಾಲದಲ್ಲಿ ಅನುಕೂಲಸ್ಥರ ಮನೆ ಹೊಕ್ಕ ವಾದ್ಯಗಳು ಈಗ ಮರಿಮಕ್ಕಳ ಪಾಲಿಗೆ ಬಂದಿವೆ. ಅವರ ಫ್ಲಾಟುಗಳಲ್ಲಿ ಆರಡಿ ಉದ್ದದ, ಮುನ್ನೂರು ಕಿಲೋ ತೂಗುವ ವಸ್ತುವಿಗೆ ಜಾಗವಿಲ್ಲ. ಮನೆ ಮಾರಾಟಕ್ಕೆ ದಿನ ಗೊತ್ತಾಗಿರುತ್ತದೆ, ಅದರೊಳಗೆ ಪಿಯಾನೊ ಖಾಲಿಯಾಗಬೇಕು. ವಾದ್ಯ ಕೆಟ್ಟಿರಲೇಬೇಕೆಂದಿಲ್ಲ, ದಿನ ಹತ್ತಿರ ಬಂದಷ್ಟೂ ಬೆಲೆ ಇಳಿಯುತ್ತದೆ.

ಇನ್ನೊಂದು ಕಾರಣವೂ ಇದೆ, ಅದು ವಾದ್ಯದೊಳಗಿನದು. ಪಿಯಾನೊದಲ್ಲಿ ಇನ್ನೂರಿಪ್ಪತ್ತಕ್ಕೂ ಹೆಚ್ಚು ತಂತಿಗಳು, ಎಲ್ಲ ಸೇರಿ ಎಳೆಯುವ ಬಲ ಸುಮಾರು 18 ಟನ್. ಎಳೆತ ಹೊರುವುದು ಎರಕದ ಕಬ್ಬಿಣದ ಚೌಕಟ್ಟು. ಆದರೆ ಒಂದೊಂದು ತಂತಿಯನ್ನೂ ಅದರ ಶ್ರುತಿಯಲ್ಲಿ ಹಿಡಿದು ನಿಲ್ಲಿಸುವುದು ಉಕ್ಕಿನ ಮೊಳೆ. ಆ ಮೊಳೆ ನಿಂತಿರುವುದು ಮರದ ದಪ್ಪ ಹಲಗೆಯಲ್ಲಿ. ಇಲ್ಲಿಯ ಕಸುಬಿನವರು ಅದನ್ನು ರೆಸ್ಟ್ ಪ್ಲ್ಯಾಂಕ್ ಅನ್ನುತ್ತಾರೆ, ಅಮೆರಿಕದಲ್ಲಿ ಪಿನ್‌ಬ್ಲಾಕ್. ಮೊಳೆಯ ಮೇಲೆ ಬಲು ಸಣ್ಣ ಸುತ್ತುಗೀರು ಇದ್ದರೂ ಅದನ್ನು ಹಿಡಿಯುವ ನಟ್ಟು ಇಲ್ಲ. ಮರ ಬಿಗಿಯಾಗಿ ಅಪ್ಪಿಕೊಂಡಿರುವುದರಿಂದಷ್ಟೇ ನಿಂತಿದೆ. ನಮ್ಮ ತಂಬೂರಿಯ ಬಿರಡೆ ಸಡಿಲವಾದರೆ ಸೀಮೆಸುಣ್ಣ ಬಳಿದು ಒತ್ತಿ ಕೂರಿಸುತ್ತೇವೆ. ಇನ್ನೂರಿಪ್ಪತ್ತು ಬಿರಡೆ ಒಟ್ಟಿಗೆ ಸಡಿಲವಾದರೆ ಸೀಮೆಸುಣ್ಣ ಸಾಲದು.

ಇಲ್ಲಿಯ ಮನೆಗಳಿಗೆ ರೇಡಿಯೇಟರುಗಳು ಬಂದ ಮೇಲೆ ಚಳಿಗಾಲದ ಗಾಳಿ ಒಣಗಿತು. ಮರ ಪ್ರತಿ ಚಳಿಗಾಲ ಕುಗ್ಗುವುದು, ಬೇಸಿಗೆಯಲ್ಲಿ ಹಿಗ್ಗುವುದು, ಐವತ್ತು ಅರವತ್ತು ವರ್ಷ ಹೀಗೇ ನಡೆದರೆ ತೂತು ಅಗಲವಾಗುತ್ತದೆ, ಹಲಗೆಯೊಳಗೆ ಬಿರುಕು ಬಿಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಹಳೆಯ ಗ್ರ್ಯಾಂಡಿನ ಬೆಲೆ ನಿಂತಿರುವುದು ಆ ಹಲಗೆಯ ಮೇಲೆ. ಮುಚ್ಚಳದ ಮೇಲಿನ ಹೆಸರು ಅದಾದ ಮೇಲಿನ ಮಾತು.

ಬಿಟ್ಟ ಎರಡು

ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಹೊಳೆಯುವ ಕಪ್ಪು ಬಣ್ಣ, ನಾಲ್ಕೂವರೆ ಅಡಿ ಉದ್ದ, 3,500 ಪೌಂಡ್. ನೋಡಲು ಗ್ರ್ಯಾಂಡೇ. ಆದರೆ ಅಷ್ಟು ಗಿಡ್ಡ ವಾದ್ಯದಲ್ಲಿ ಮಂದ್ರದ ತಂತಿಗೆ ಉದ್ದ ಸಿಗುವುದಿಲ್ಲ. ಉದ್ದದ ಕೊರತೆಯನ್ನು ದಪ್ಪದಿಂದ ತುಂಬುತ್ತಾರೆ, ದಪ್ಪ ತಂತಿಯ ದನಿ ಡಬ್ಬಿ ಬಡಿದ ಹಾಗೆ ಮೊಂಡಾಗುತ್ತದೆ. ಒಳ್ಳೆಯ ಎತ್ತರದ ನೆಟ್ಟ ಪಿಯಾನೊದಲ್ಲಿ ಇದಕ್ಕಿಂತ ಉದ್ದದ ತಂತಿ ಇರುತ್ತದೆ. ಹುಡುಗಿ ಎಡಗೈಯಲ್ಲಿ ನಾಲ್ಕು ಸ್ವರ ನುಡಿಸಿ, "ಮಾಮಾ, ಇದು ನಮ್ಮನೇದಕ್ಕಿಂತ ಚೆನ್ನಾಗೇನಿಲ್ಲ" ಎಂದಳು. ಅಲ್ಲಿಗೆ ಮುಗಿಯಿತು.

ಎರಡನೆಯದು ನಮ್ಮನ್ನು ಮೂರು ವಾರ ಹಿಡಿದು ನಿಲ್ಲಿಸಿತು. 1900ರ ಆಸುಪಾಸಿನ ಜರ್ಮನ್ ಗ್ರ್ಯಾಂಡ್, ಹೆಸರು ಕೇಳಿದರೆ ಯಾರಾದರೂ ತಲೆದೂಗುವಂಥದ್ದು. ಹೆಸರು ಬರೆಯುವುದಿಲ್ಲ, ಯಾಕೆಂದರೆ ತಪ್ಪು ಅದನ್ನು ಮಾಡಿದವರದಲ್ಲ. ಬೀಟೆ ಮರದ ಮೈ, ಫ್ರೆಂಚ್ ಪಾಲಿಶ್ ಹೊಸದು, ಕೆತ್ತನೆಯ ಕಾಲುಗಳು, ಚೌಕಟ್ಟಿಗೆ ಹೊಸ ಬಂಗಾರದ ಬಣ್ಣ. ಕೇಳಿದ್ದು 3,800 ಪೌಂಡ್. ಮಾರುವವರು ಖಾಸಗಿಯಾಗಿ ಹಳೆಯದನ್ನು ಕೊಂಡು ಚೊಕ್ಕ ಮಾಡಿ ಮಾರುವವರು. ತಾಯಿ ಅದರ ಮುಂದೆ ನಿಂತವರು ಅಲ್ಲೇ ನಿಂತುಬಿಟ್ಟರು. ಮಗಳು ನುಡಿಸಿದಳು, ದನಿ ಚೆನ್ನಾಗಿಯೇ ಇತ್ತು. ಎರಡು ದಿನದ ಹಿಂದಷ್ಟೇ ಶ್ರುತಿ ಮಾಡಿಸಿದ್ದರಂತೆ.

ಹೆಚ್ಚಿನ ಸ್ವರಗಳಿಗೆ ಮೂರು ಮೂರು ತಂತಿ ಇರುತ್ತದೆ, ಮೂರೂ ಒಂದೇ ಆಗಿ ಕೇಳಬೇಕು. ಮಧ್ಯ ಸ್ಥಾಯಿಯಲ್ಲಿ ಒಂದೊಂದೇ ಒತ್ತಿ ಕಿವಿಗೊಟ್ಟೆ. ಐದಾರು ಸ್ವರಗಳಲ್ಲಿ ಮೂರು ತಂತಿ ಆಗಲೇ ಬೇರೆ ಬೇರೆಯಾಗಿ, ದನಿಯೊಳಗೆ ನಿಧಾನದ ಅಲೆ ಎದ್ದಿತ್ತು. ಶ್ರುತಿ ಎರಡು ದಿನವೂ ನಿಂತಿರಲಿಲ್ಲ. ಮಾರುವವರ ಅಪ್ಪಣೆ ಕೇಳಿ, ಶ್ರುತಿ ಕೀಲಿಯನ್ನು ಮೊಳೆಗೆ ಹಾಕಿ ಎರಡೇ ಬೆರಳಿನಿಂದ ತಿರುಗಿಸಿದೆ. ಗಟ್ಟಿ ಮೊಳೆ ಹಾಗೆಲ್ಲ ತಿರುಗುವುದಿಲ್ಲ. ಕೈಗೆ ಎದುರು ನಿಂತು, ಕಿರ್ ಎಂದು ತಡೆದು ತಡೆದು ಸರಿಯುತ್ತದೆ. ಇದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ತಿರುಗಿತು. ಟಾರ್ಚ್ ಹಾಕಿ ಮೊಳೆಗಳ ಬುಡ ನೋಡಿದೆ. ಬಂಗಾರದ ಬಣ್ಣದ ಅಂಚಿನಲ್ಲಿ ಕಪ್ಪಗೆ, ಜಿಗುಟಾದ ಕಲೆ. ಹಿಂದೆ ಯಾರೋ ಮರ ಉಬ್ಬಲಿ ಎಂದು ಮೊಳೆಗಳ ಸುತ್ತ ದ್ರವ ಸುರಿದ ಗುರುತು ಅದು. ಕೆಲವು ವರ್ಷ ಹಿಡಿಯುತ್ತದೆ, ಆಮೇಲೆ ಅದೂ ಇಲ್ಲ.

ಕಾರಿನಲ್ಲಿ ತಾಯಿ ಕೇಳಿದರು, "ಅಣ್ಣಾ, ಮೊಳೆ ಅನ್ನೋದನ್ನ ಆಮೇಲೆ ಮಾಡಿಸಿಕೊಂಡರಾಗಲ್ವಾ? ಅಷ್ಟು ಚೆಂದ ಇದೆ."

"ಆಗುತ್ತೆ ತಂಗಿ. ತಂತಿ ಅಷ್ಟೂ ಬಿಚ್ಚಬೇಕು, ಕಬ್ಬಿಣದ ಚೌಕಟ್ಟು ಎತ್ತಬೇಕು, ಹೊಸ ಹಲಗೆ ಕೂರಿಸಿ ಹೊಸ ಮೊಳೆ, ಹೊಸ ತಂತಿ ಹಾಕಬೇಕು. ಅವರು ಕೇಳಿದ ಬೆಲೆಯ ಎರಡು ಪಟ್ಟಿಗೂ ಮೇಲೆ ಆಗುತ್ತೆ."

ನಡುವಿನ ದಾರಿಗಳೂ ಇದ್ದವು, ಅವನ್ನೂ ಹೇಳಿದೆ. ಹಳೆಯ ಮೊಳೆ ತೆಗೆದು ಒಂದು ಅಳತೆ ದಪ್ಪದ್ದು ಹಾಕಬಹುದು. ತೆಳುವಾದ ಸೂಪರ್ ಗ್ಲೂ ಮೊಳೆಯ ಬುಡಕ್ಕೆ ಇಳಿಸಬಹುದು. ಈಚಿನ ವರ್ಷಗಳಲ್ಲಿ ಇದನ್ನು ಮಾಡಿದ ಪಿಯಾನೊಗಳು ಚೆನ್ನಾಗಿ ನಿಂತಿರುವುದನ್ನು ನಾನೇ ಕಂಡಿದ್ದೇನೆ. ಆದರೆ ಒಮ್ಮೆ ಬೇರೆ ದ್ರವ ಕುಡಿದು ಜಿಗುಟಾದ ಮರಕ್ಕೆ ಅಂಟು ಕಚ್ಚುವುದು ಕಷ್ಟ. ಸಾವಿರ ಪೌಂಡಿಗೆ ಕೊಟ್ಟಿದ್ದರೆ ಆ ಗಂಡಾಂತರಕ್ಕೆ ಕೈ ಹಾಕಿ ಎನ್ನುತ್ತಿದ್ದೆ. 3,800ಕ್ಕೆ ಆಗದು. ಅವರು 3,400ಕ್ಕೆ ಇಳಿದರು, ಅದರ ಕೆಳಗೆ ಬರಲಿಲ್ಲ. ಅಷ್ಟರಲ್ಲಿ ತಂದೆಗೆ ನನ್ನ ಮೇಲೆ ಬೇಸರ ಬಂದಿತ್ತು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು: ಮಗಳು ದಿನಾ ಕೇಳುತ್ತಾಳೆ, ಹೆಂಡತಿಗೆ ಕಣ್ಣಿಗೆ ಹಿಡಿದಿದೆ, ನಡುವೆ ನಾನೊಬ್ಬ ಬೇಡ ಬೇಡ ಎನ್ನುವವನು.

ಮೂರನೆಯದು

ಗ್ಲಾಸ್ಟರ್‌ಶೈರಿನ ಒಂದು ಹಳ್ಳಿ. ಕಲ್ಲಿನ ಗೋಡೆಯ ಹಳೆಯ ಮನೆ. ಅಲ್ಲಿದ್ದ ವೃದ್ಧ ತಾಯಿ ತೀರಿಕೊಂಡ ಮೇಲೆ ಅವರ ಮಗ ಮನೆ ಖಾಲಿ ಮಾಡುತ್ತಿದ್ದರು, ಕೀಲಿ ಒಪ್ಪಿಸಲು ಐದು ವಾರ ಉಳಿದಿತ್ತು. 1920ರ ದಶಕದ ಬ್ಲೂತ್‌ನರ್, ಆರಡಿ ಮೂರು ಇಂಚು ಉದ್ದ. ಕೇಳಿದ್ದು 2,500 ಪೌಂಡ್.

ನೋಡಿದ ಕೂಡಲೇ ಹುಡುಗಿಯ ತಾಯಿಯ ಮುಖ ಸಣ್ಣದಾಯಿತು. ಕಿಟಕಿ ಕಡೆಯ ಮೈ ಬಿಸಿಲಿಗೆ ಬಣ್ಣ ಹೋಗಿ ಒಣಗಿದ ಚಹಾದ ಕಲೆಯ ಹಾಗಾಗಿತ್ತು. ಮುಚ್ಚಳದ ಒಂದು ಮೂಲೆಯಲ್ಲಿ ಮರದ ತೆಳು ಹಾಳೆ ಎದ್ದಿತ್ತು. ಸ್ವರಲಿಪಿ ಇಡುವ ಪಟ್ಟಿಯ ಒಂದು ಕೀಲು ಮುರಿದಿತ್ತು. ಮಾರ್ಚ್ ತಿಂಗಳಲ್ಲೂ ಆ ಕೋಣೆಯಲ್ಲಿ ಕೋಟು ಬಿಚ್ಚುವ ಹಾಗಿರಲಿಲ್ಲ. ಅಲ್ಲಿ ರೇಡಿಯೇಟರ್ ಇರಲೇ ಇಲ್ಲ. ತನ್ನ ತಾಯಿ ಕೊನೆಯವರೆಗೂ ಚಳಿಯಲ್ಲೇ ಶಾಲು ಹೊದ್ದು ನುಡಿಸುತ್ತಿದ್ದರು ಎಂದು ಮಗ ಹೇಳಿದರು. ಆ ಮಾತು ಕಿವಿಗೆ ಬಿದ್ದಾಗಲೇ ನನಗೆ ಆಸೆ ಹುಟ್ಟಿತು.

ಮೊದಲು ನೋಡಿದ್ದು ಆಕ್ಷನ್, ಅಂದರೆ ಒತ್ತಿದ ಕೀ ಹ್ಯಾಮರನ್ನು ತಂತಿಗೆ ಎಸೆಯುವ ಯಂತ್ರ. ಹಳೆಯ ಬ್ಲೂತ್‌ನರ್‌ಗಳಲ್ಲಿ ಹಲವಕ್ಕೆ ಕಂಪನಿಯ ಸ್ವಂತ ಪೇಟೆಂಟ್ ಆಕ್ಷನ್ ಇದೆ. ಸರಿಯಾಗಿ ಕೂರಿಸಿದರೆ ಅದು ಹಗುರ, ಬಲು ಹಿತ. ಆದರೆ ಅದನ್ನು ಚೆನ್ನಾಗಿ ಬಲ್ಲ ಕಸುಬಿನವರು ಕಡಿಮೆಯಾಗುತ್ತಿದ್ದಾರೆ. ಒಂದೇ ಸ್ವರವನ್ನು ಪಟಪಟನೆ ಮತ್ತೆ ಮತ್ತೆ ನುಡಿಸುವಾಗ, ಕೀ ಪೂರ್ತಿ ಮೇಲೆ ಬರುವ ಮುಂಚೆಯೇ ಇನ್ನೊಮ್ಮೆ ಹೊಡೆಯುವ ಸೌಲಭ್ಯವನ್ನು 1821ರಲ್ಲಿ ಪ್ಯಾರಿಸ್ಸಿನ ಪಿಯಾನೊ ತಯಾರಕ ಎರಾರ್ ಕಂಡುಹಿಡಿದ. ಇಂದಿನ ಗ್ರ್ಯಾಂಡುಗಳೆಲ್ಲ ಅದೇ ದಾರಿಯವು. ಎಂಟನೇ ಗ್ರೇಡ್ ದಾಟಿ ಹೋಗಬೇಕಾದ ಹುಡುಗಿಗೆ ಅದು ಬೇಕು. ಬಗ್ಗಿ ನೋಡಿದೆ. ಹ್ಯಾಮರ್ ಕಡ್ಡಿಯ ಅಡಿಯಲ್ಲಿ ಚರ್ಮ ಸುತ್ತಿದ ಸಣ್ಣ ಉರುಳೆ ಕಂಡಿತು. ರೋಲರ್ ಆಕ್ಷನ್, ಅಂದರೆ ಎರಾರ್ ದಾರಿಯದೇ. ಒಂದು ಭಾರ ಇಳಿಯಿತು.

ಆಕ್ಷನ್ ಹೊರಗೆಳೆಯುವಾಗ ಒಂದು ಎಚ್ಚರ ಬೇಕು, ಯಾರಾದರೂ ಸ್ವಂತ ಕೈಯಿಂದ ಮಾಡಹೋಗುತ್ತಾರೆಂದು ಹೇಳುತ್ತಿದ್ದೇನೆ. ಎಳೆಯುವಾಗ ಒಂದು ಕೀಗೆ ಬೆರಳು ತಗುಲಿದರೂ ಹ್ಯಾಮರ್ ಮೇಲೇಳುತ್ತದೆ, ಚೌಕಟ್ಟಿನ ಅಂಚಿಗೆ ಸಿಕ್ಕಿ ಕಡ್ಡಿ ಲಟಕ್ಕನೆ ಮುರಿಯುತ್ತದೆ. ಎರಡೂ ತುದಿ ಹಿಡಿದು ನಿಧಾನವಾಗಿ ಎಳೆದೆ. ಹ್ಯಾಮರುಗಳಿಗೆ ಹೊದಿಸಿದ ಫೆಲ್ಟಿನಲ್ಲಿ, ಅಂದರೆ ಒತ್ತಿ ಗಟ್ಟಿ ಮಾಡಿದ ಉಣ್ಣೆಯಲ್ಲಿ, ತಂತಿ ಕೊರೆದ ಗೆರೆಗಳು ಆಳವಾಗಿದ್ದರೂ ಕೆರೆದು ದುಂಡಗೆ ಮಾಡುವಷ್ಟು ದಪ್ಪ ಉಳಿದಿತ್ತು. ಕೀಗಳ ಅಡಿಯ ಬಟ್ಟೆಯನ್ನು ಒಂದು ಕಡೆ ನುಸಿ ತಿಂದಿತ್ತು. ತಣ್ಣನೆಯ ಕೋಣೆ ಹಲಗೆಯನ್ನು ಕಾಯುತ್ತದೆ, ಉಣ್ಣೆಯನ್ನು ಕಾಯುವುದಿಲ್ಲ.

ಆಮೇಲೆ ಮೊಳೆಗಳು. ಎಂಬತ್ತು ಮೊಳೆಗೆ ಕೀಲಿ ಹಾಕಿ ನೋಡಿದೆ. ಎಪ್ಪತ್ತೇಳು ಗಟ್ಟಿ. ಮಧ್ಯ ಸ್ಥಾಯಿಯ ಕೆಳಗೆ ಅಕ್ಕಪಕ್ಕದ ಮೂರು ಸ್ವಲ್ಪ ಮೆತ್ತಗಿದ್ದವು, ಅವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿದೆ.

ಸೌಂಡ್‌ಬೋರ್ಡ್ ಎಂದರೆ ತಂತಿಗಳ ಅಡಿಯಲ್ಲಿ ಹಾಸಿದ ಸ್ಪ್ರೂಸ್ ಮರದ ತೆಳು ಹಲಗೆ, ನಮ್ಮ ತಂಬೂರಿಯ ಬುರುಡೆಯ ಕೆಲಸ ಅದರದ್ದು. ಅದು ಕಾಣದಷ್ಟು ಮೆಲ್ಲಗೆ ಮೇಲಕ್ಕೆ ಉಬ್ಬಿರಬೇಕು. ಉಬ್ಬು ಹೋದರೆ ದನಿಯ ಜೀವ ಹೋಗುತ್ತದೆ. ಇದನ್ನು ನೋಡಲು ನನ್ನ ಚೀಲದಲ್ಲಿ ಸದಾ ಹೊಲಿಗೆ ದಾರದ ಉಂಡೆ ಇರುತ್ತದೆ. ಹುಡುಗಿಯನ್ನೂ ಪಿಯಾನೊದ ಅಡಿಗೆ ಕರೆದೆ. ಇಬ್ಬರೂ ಕಂಬಳಿಯ ಮೇಲೆ ಅಂಗಾತ ಮಲಗಿ, ದಾರವನ್ನು ಹಲಗೆಯ ಅಡ್ಡಕ್ಕೆ ಬಿಗಿಯಾಗಿ ಎಳೆದು ಎರಡು ತುದಿ ಹಿಡಿದೆವು. ಟಾರ್ಚಿನ ಬೆಳಕಿನಲ್ಲಿ, ಸರಿಯಾಗಿ ನಡುವೆ, ದಾರಕ್ಕೂ ಮರಕ್ಕೂ ಮಧ್ಯೆ ಸಣ್ಣ ಸಂದು. "ಕಾಣ್ತಿದೆ ಮಾಮಾ!" ಎಂದು ಅವಳು ಕೂಗಿದ್ದು ಹಲಗೆಗೆ ತಾಗಿ ಮೇಲಿನ ಸ್ಥಾಯಿಯ ತಂತಿಗಳು ಮೆಲ್ಲಗೆ ಗುಂಯ್‌ಗುಟ್ಟಿದವು. ಎರಡು ಗೇಣು ಉದ್ದದ ಒಂದು ಸೀಳೂ ಇತ್ತು. ಸೀಳು ನೋಡಿದ ಕೂಡಲೇ ಹಿಂದೆ ಸರಿಯಬೇಕಿಲ್ಲ. ಅಡಿಯ ಪಟ್ಟಿಗಳು ಹಲಗೆಯನ್ನು ಬಿಟ್ಟಿವೆಯೇ ಎನ್ನುವುದು ಮುಖ್ಯ, ಬಿಟ್ಟಿದ್ದರೆ ನುಡಿಸುವಾಗ ಕರಕರ ಎನ್ನುತ್ತದೆ. ಸೀಳು ದಾಟುವ ಪಟ್ಟಿಗಳ ಬಳಿ ತೆಳು ಕಾಗದ ತೂರಿಸಿ ನೋಡಿದೆ. ಎಲ್ಲೂ ತೂರಲಿಲ್ಲ. ತಂತಿಯ ಮಿಡಿತವನ್ನು ಹಲಗೆಗೆ ದಾಟಿಸುವ ಕುದುರೆಯ (ಬ್ರಿಡ್ಜ್) ಮೇಲೂ, ತಂತಿ ತಿರುಗುವ ಸಣ್ಣ ಮೊಳೆಗಳ ಸಾಲಿನಲ್ಲಿ, ಬಿರುಕು ಇರಲಿಲ್ಲ.

ಬ್ಲೂತ್‌ನರ್‌ನ ವಿಶೇಷ ಇರುವುದು ತಾರ ಸ್ಥಾಯಿಯಲ್ಲಿ. ಅಲ್ಲಿ ಪ್ರತಿ ಸ್ವರಕ್ಕೂ ಮೂರು ತಂತಿಯ ಜೊತೆ ನಾಲ್ಕನೆಯದೊಂದಿದೆ. ಹ್ಯಾಮರ್ ಅದನ್ನು ಮುಟ್ಟುವುದಿಲ್ಲ, ಉಳಿದ ಮೂರು ನುಡಿದಾಗ ತಾನಾಗಿ ಮಿಡಿಯುತ್ತದೆ. ಅಲಿಕ್ವಾಟ್ ಎಂಬ ಈ ಏರ್ಪಾಡಿಗೆ ಕಂಪನಿ 1873ರಲ್ಲಿ ಪೇಟೆಂಟ್ ಪಡೆಯಿತು. ಸಿತಾರಿನ ತರಬ್ ತಂತಿ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಪಿಯಾನೊದಲ್ಲಿ ಅಂಥ ಎರಡು ತಂತಿ ಕಾಣೆಯಾಗಿದ್ದವು. ಆದರೂ ಹುಡುಗಿ ಬಲಗೈಯಲ್ಲಿ ಮೇಲಿನ ಸ್ಥಾಯಿಯ ಒಂದು ಸ್ವರ ಒತ್ತಿ ಹಿಡಿದಾಗ, ದನಿ ಮುಗಿಯಿತು ಎಂದುಕೊಂಡ ಮೇಲೂ ಒಂದು ಎಳೆ ಗಾಳಿಯಲ್ಲಿ ಉಳಿಯಿತು. ಅವಳು ಕೀ ಬಿಡಲಿಲ್ಲ. ಅವಳ ತಾಯಿ ಬಣ್ಣ ಹೋದ ಮೈಯಿಂದ ಕಣ್ಣು ತೆಗೆದು ಮಗಳನ್ನು ನೋಡಿದರು.

ಒಟ್ಟು ಶ್ರುತಿ ಮಾತ್ರ ಬಹಳ ಇಳಿದಿತ್ತು. ಮಧ್ಯದ ಬಿಳಿ ಆರು, ಇಲ್ಲಿಯವರ ಎ, 440 ಹರ್ಟ್ಸ್ ಇರಬೇಕಾದ್ದು 430ರಲ್ಲಿತ್ತು. ಏರಿಸುವಾಗ ಹಳೆಯ ತಂತಿ ಒಂದೆರಡು ಹೋಗಬಹುದು ಎಂದು ಮೊದಲೇ ಹೇಳಿದೆ. ತಪ್ಪುಗಳ ಪಟ್ಟಿಯನ್ನು ಬರೆದು ಮಗನ ಕೈಗೇ ಕೊಟ್ಟೆವು. ಅವರು ಓದಿ, "ಇದನ್ನು ನುಡಿಸುವವರಿಗೇ ಕೊಡಬೇಕೆಂದಿದ್ದೆ" ಎಂದರು. 1,900ಕ್ಕೆ ಮಾತು ಮುಗಿಯಿತು.

ಆನೆದಂತ

ಹಣ ಕೊಡುವ ಮುಂಚೆ ಇನ್ನೊಂದು ಕೆಲಸವಿತ್ತು. ಬಿಳಿ ಕೀಗಳ ಮೇಲಿನ ಹೊದಿಕೆ ಆನೆದಂತ. ಗುರುತಿಸುವುದು ಸುಲಭ: ಕೀಯ ಅಗಲದ ಮುಂಭಾಗ ಒಂದು ತುಂಡು, ಕಪ್ಪು ಕೀಗಳ ನಡುವೆ ಹೋಗುವ ಬಾಲ ಇನ್ನೊಂದು ತುಂಡು, ಎರಡೂ ಸೇರುವಲ್ಲಿ ಕೂದಲೆಳೆಯ ಗೆರೆ. ಓರೆಯಾಗಿ ಬೆಳಕು ಹಾಯಿಸಿದರೆ ಮರದ ಎಳೆಯಂಥ ಸಣ್ಣ ಗೀರುಗಳು. ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿ ಸಾಮಾನ್ಯವಾಗಿ ಆ ಜೋಡಣೆ ಇರುವುದಿಲ್ಲ. ಬ್ರಿಟನ್ನಿನ 2018ರ ದಂತ ಕಾಯ್ದೆ 2022ರ ಜೂನ್ 6ರಿಂದ ಜಾರಿಯಲ್ಲಿದೆ. ದಂತವಿರುವ ವಸ್ತುವಿನ ಮಾರಾಟ ನಿಷಿದ್ಧ, ಆದರೆ 1975ಕ್ಕಿಂತ ಮುಂಚಿನ ಸಂಗೀತ ವಾದ್ಯದಲ್ಲಿ ದಂತದ ಪ್ರಮಾಣ ಶೇ. 20ಕ್ಕಿಂತ ಕಡಿಮೆ ಇದ್ದರೆ ನೋಂದಣಿ ಮಾಡಿಸಿ ಮಾರಬಹುದು. ಮಾರುವವರು 20 ಪೌಂಡ್ ಕಟ್ಟಿ, ಫೋಟೋ ಹಾಕಿ ಮಾಡಿಸಬೇಕು. ಮಗನಿಗೆ ಇದು ಗೊತ್ತೇ ಇರಲಿಲ್ಲ, ಅಂದು ಸಂಜೆಯೇ ಮಾಡಿಸಿದರು. ನೋಂದಣಿ ಕಾಗದ ಕೈಗೆ ಬರುವವರೆಗೆ ಮುಂಗಡವನ್ನೂ ಕೊಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

"ಮುಂದೆ ವಾಪಸ್ ಹೋಗುವಾಗ ದಾವಣಗೆರೆಗೆ ತಗೊಂಡು ಹೋಗಬಹುದಾ?" ಎಂದು ತಂದೆ ಕೇಳಿದರು. ದಂತದ ಕೀ ಇರುವವರೆಗೆ ಆ ಯೋಚನೆ ಬಿಡಿ ಎಂದೆ. ಆನೆಗಳ ನಾಡಿನಿಂದ ಬಂದ ನಮಗೆ ಆ ಕಾನೂನಿನ ಮೇಲೆ ಮುನಿಸು ಇರಬಾರದು. ಆ ತೆಳು ಹೊದಿಕೆಯ ಮೇಲೆ ಬೆರಳಿಟ್ಟಾಗೆಲ್ಲ ನನಗೆ ಒಂದು ಕ್ಷಣ ಸಂಕಟವಾಗುತ್ತದೆ.

ಮನೆಗೆ ಬಂದ ಮೇಲೆ

ಸಾಗಣೆಗೆ ಪಿಯಾನೊ ಸಾಗಿಸುವವರೇ ಬೇಕು, ಮನೆ ಸಾಮಾನು ಸಾಗಿಸುವವರು ಬೇಡ. ಮೂವರು ಬಂದರು. ಪೆಡಲುಗಳ ಚೌಕಟ್ಟು ಬಿಚ್ಚಿ, ಎಡಗಡೆಯ ಮುಂಗಾಲು ತೆಗೆದು, ನೇರ ಅಂಚಿನ ಮೇಲೆ ಮೆಲ್ಲಗೆ ಮಲಗಿಸಿ, ಕಂಬಳಿ ಸುತ್ತಿ ಜಾರುಹಲಗೆಗೆ ಬಿಗಿದರು. ರೆಡಿಂಗ್ ಮನೆಯ ಬಾಗಿಲಲ್ಲಿ ಎರಡು ಬೆರಳಿನ ಜಾಗ ಮಿಕ್ಕಿತು. ಅದನ್ನು ಮೊದಲೇ ಅಳೆದಿದ್ದೆವು. ಒಳಗಿನ ಗೋಡೆಯ ಪಕ್ಕ, ರೇಡಿಯೇಟರಿನಿಂದ ದೂರ, ಬಿಸಿಲು ಬೀಳದಲ್ಲಿ ಇಟ್ಟೆವು.

ಆಗ ದಾವಣಗೆರೆಯಿಂದ ಅಜ್ಜಿ ಬಂದಿದ್ದರು. "ನಮ್ಮ ಮಂದಿಗೆ ಇದೆಲ್ಲ ಯಾಕಪ್ಪಾ, ಒಂದು ಹಾರ್ಮೋನಿಯಂ ಇದ್ದರೆ ಸಾಲದಾ?" ಎಂದು ನನ್ನನ್ನೇ ಕೇಳಿದರು. ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೊ ಕಲಿತವರು, ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಗೀತಗಾರ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣವಾಗಲು ಹಣ ಕೊಟ್ಟವರು, ಅವನು ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದ ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಸರಿ" ಎಂದರು. ಆಮೇಲೆ ದಿನಾ ಸಂಜೆ ಮೊಮ್ಮಗಳ ಪಕ್ಕದ ಕುರ್ಚಿ ಅವರದ್ದೇ ಆಯಿತು.

ಎರಡು ವಾರ ವಾದ್ಯವನ್ನು ಮುಟ್ಟಲಿಲ್ಲ, ಹೊಸ ಗಾಳಿಗೆ ಹೊಂದಿಕೊಳ್ಳಲಿ ಎಂದು. ಶ್ರುತಿಯನ್ನು ಒಂದೇ ಸಲಕ್ಕೆ 440ಕ್ಕೆ ಏರಿಸಲಿಲ್ಲ. ಮೂರು ಭೇಟಿ, ನಾಲ್ಕು ತಿಂಗಳು. ಎರಡನೇ ಭೇಟಿಯಲ್ಲಿ ಮಂದ್ರದ ತಾಮ್ರ ಸುತ್ತಿದ ತಂತಿಯೊಂದು ಗುಂಡು ಹಾರಿದ ಸದ್ದಿನೊಡನೆ ಹರಿಯಿತು. ಹರಿದದ್ದನ್ನೇ ಅಳತೆಗೆ ಕಳಿಸಿ ಹೊಸದು ಮಾಡಿಸಿದೆ. ಮೆತ್ತಗಿದ್ದ ಮೂರು ಮೊಳೆಗಳ ಜಾಗದಲ್ಲಿ ಒಂದು ಅಳತೆ ದಪ್ಪದವು ಬಂದವು. ಹ್ಯಾಮರುಗಳನ್ನು ಕೆರೆದು ದುಂಡಗೆ ಮಾಡಿ, ನುಸಿ ತಿಂದ ಬಟ್ಟೆ ಬದಲಿಸಿ, ಆಕ್ಷನ್ ಪೂರ್ತಿ ಹೊಂದಿಸಲು ನಾಲ್ಕು ದಿನ ಹಿಡಿಯಿತು. ಕಾಣೆಯಾಗಿದ್ದ ಎರಡು ಅಲಿಕ್ವಾಟ್ ತಂತಿಗಳನ್ನೂ ಆಗಲೇ ಹಾಕಿದೆ.

ಲೆಕ್ಕ ಹೀಗೆ ನಿಂತಿತು. ಪಿಯಾನೊ 1,900. ಮೂರು ತಪಾಸಣೆಗೆ 270. ಸಾಗಣೆ 420. ಮೂರು ಶ್ರುತಿಗೆ 255. ಆಕ್ಷನ್, ಹ್ಯಾಮರ್, ಮೊಳೆ, ಬಟ್ಟೆ ಎಲ್ಲ ಸೇರಿ 760. ತಂತಿಗಳಿಗೆ 60. ತೇವಮಾಪಕಕ್ಕೆ 25. ಒಟ್ಟು 3,690 ಪೌಂಡ್.

ಮಾತು ಉಳಿಯಿತು ಎಂದುಕೊಂಡಿದ್ದೆ, ಉಳಿಯಲಿಲ್ಲ. ಬೆರಳೆತ್ತಿದಾಗ ತಂತಿಯನ್ನು ಸುಮ್ಮನಾಗಿಸುವ ಡ್ಯಾಂಪರ್ ಫೆಲ್ಟ್ ಇನ್ನೂ ಐದು ವರ್ಷ ಬರುತ್ತದೆ ಎಂದು ತಪಾಸಣೆಯ ದಿನ ಬರೆದುಕೊಟ್ಟಿದ್ದೆ. ಎರಡನೇ ಚಳಿಗಾಲದಲ್ಲಿ ಮಂದ್ರದಲ್ಲಿ ದನಿ ನಿಲ್ಲದೆ ಝೇಂಕಾರವಾಗಿ ಉಳಿಯತೊಡಗಿತು. ಫೆಲ್ಟ್ ಗಟ್ಟಿಯಾಗಿತ್ತು, ಒಂದೆರಡು ಕಡೆ ನುಸಿ ಒಳಗಿಂದ ತಿಂದಿತ್ತು. ಮೇಲಿಂದ ನೋಡಿ ಸರಿಯಿದೆ ಎಂದಿದ್ದೆ. ಒಂದನ್ನು ಎತ್ತಿ ಒತ್ತಿ ನೋಡಬೇಕಿತ್ತು. ನನ್ನ ಕೂಲಿ ಬಿಟ್ಟು ಸಾಮಾನಿನ ಖರ್ಚು ಮಾತ್ರ ತೆಗೆದುಕೊಳ್ಳುತ್ತೇನೆ ಎಂದರೆ ತಾಯಿ ಒಪ್ಪಲಿಲ್ಲ. 340 ಪೌಂಡ್ ಕೊಟ್ಟರು. ಅಲ್ಲಿಗೆ ಒಟ್ಟು 4,030. ಈಗ ಯಾರ ಮನೆಗೆ ಹೋದರೂ ಡ್ಯಾಂಪರನ್ನು ಎತ್ತಿ ಬೆರಳಲ್ಲಿ ಹಿಸುಕಿ ನೋಡದೆ ಬರೆಯುವುದಿಲ್ಲ.

ಬಣ್ಣ ಹೋದ ಮೈ ಹಾಗೇ ಇದೆ. ಪಾಲಿಶ್ ಮಾಡಿಸಲೇ ಎಂದು ತಾಯಿ ಕಳೆದ ಸಲವೂ ಕೇಳಿದರು. ಆ ಹಣದಲ್ಲಿ ಹುಡುಗಿಗೆ ಎತ್ತರ ಹೊಂದಿಸಬಹುದಾದ ಒಳ್ಳೆಯ ಬೆಂಚು ತನ್ನಿ, ಮಿಕ್ಕದ್ದು ಶ್ರುತಿಗಿರಲಿ ಎಂದೆ. ಅವಳೀಗ ಎಂಟನೇ ಗ್ರೇಡಿಗೆ ಅಭ್ಯಾಸ ಮಾಡುತ್ತಿದ್ದಾಳೆ. ತೇವಮಾಪಕ ಪಿಯಾನೊದ ಮೇಲೇ ಇರುತ್ತದೆ. ಗಾಳಿ ಒಣಗಿ ಮುಳ್ಳು ಶೇ. 40ರ ಕೆಳಗೆ ಇಳಿದರೆ ಆ ಕೋಣೆಯ ರೇಡಿಯೇಟರನ್ನು ಅವಳೇ ಆರಿಸಿ, ಅಜ್ಜಿ ಬಿಟ್ಟುಹೋದ ಶಾಲು ಹೊದ್ದು ಕೂರುತ್ತಾಳೆ. ಹೊಸದಾಗಿ ಹಾಕಿದ ಮೂರು ಮೊಳೆ ಕಳೆದ ತಿಂಗಳು ನೋಡಿದಾಗ ಕಿರ್ ಎಂದು ತಡೆದೇ ತಿರುಗಿದವು. ಮುಂದಿನ ಶ್ರುತಿ ನವೆಂಬರಿನಲ್ಲಿ, ಮನೆಯ ಹೀಟಿಂಗ್ ಶುರುವಾಗಿ ಮೂರು ವಾರ ಕಳೆದ ಮೇಲೆ.